ಮಳೆಗೆ ಕಾಯದ ಚಿಗುರು

ಫಾಲ್ಗುಣ ಮುಗಿಯುವ ಹೊತ್ತಿಗೆ ನಮ್ಮೂರಿನ ಬಾವಿ ಹಗ್ಗಗಳಿಗೆ ಇನ್ನೊಂದು ತುಂಡು ಸೇರಿಸಿ ಗಂಟು ಹಾಕಬೇಕಾಗುತ್ತದೆ. ಹಳ್ಳದಲ್ಲಿ ನೀರಿಗಿಂತ ಕಲ್ಲೇ ಜಾಸ್ತಿ ಕಾಣುತ್ತದೆ. ಅಡಿಕೆ ತೋಟದ ಬಸಿಗಾಲುವೆಯ ತಳ ಒಣಗಿ ಸೀಳು ಬಿಟ್ಟಿರುತ್ತದೆ. ಗುಡ್ಡದ ಮೇಲೆ ನಡೆದರೆ ಒಣಗಿದ ಎಲೆ ಕಾಲಡಿಯಲ್ಲಿ ಚರಚರ ಎನ್ನುತ್ತದೆ. ಮಲೆನಾಡು ಅಂದಕೂಡಲೇ ಹೊರಗಿನವರಿಗೆ ಮಳೆ, ಜಿಗಣೆ, ತುಂಬಿ ಬೀಳುವ ಜೋಗ ನೆನಪಾಗುತ್ತದೆ. ಶಿವರಾತ್ರಿ ದಾಟಿದ ಮೇಲಿನ ಮಲೆನಾಡು ಹೇಗಿರುತ್ತದೆ ಎಂದು ಕೇಳುವವರು ಕಡಿಮೆ. ಆಗ ಇಲ್ಲಿಗೆ ಯಾರೂ ಫೋಟೋ ತೆಗೆಯಲು ಬರುವುದಿಲ್ಲ.

ಚೈತ್ರ ವೈಶಾಖ ವಸಂತ ಋತು ಎಂದು ಶಾಲೆಯಲ್ಲಿ ಎಲ್ಲರೂ ರಾಗವಾಗಿ ಹೇಳಿದ್ದೇವೆ ಅಲ್ವಾ? ನನಗೆ ಚಿಕ್ಕಂದಿನಲ್ಲಿ ಅದು ಅರ್ಥವಾಗುತ್ತಲೇ ಇರಲಿಲ್ಲ. ಪಾಠದ ವಸಂತದಲ್ಲಿ ತಂಗಾಳಿ, ಹೂವು, ಕೋಗಿಲೆ. ನಮ್ಮ ಮನೆಯ ವಸಂತದಲ್ಲಿ ಅಮ್ಮ ಪಾತ್ರೆ ತೊಳೆದ ನೀರನ್ನು ಬಕೆಟ್ಟಿಗೆ ಹಿಡಿದು ಬಸಳೆ ಬುಡಕ್ಕೆ ಹಾಕುತ್ತಿದ್ದಳು. ಅಪ್ಪ ರಾತ್ರಿ ಎದ್ದು ಗುಡ್ಡದ ಕಡೆ ಬೆಂಕಿ ಕಾಣುತ್ತದೆಯೇ ಎಂದು ನೋಡಿ ಬರುತ್ತಿದ್ದ. ಕೋಗಿಲೆ ಕೂಗುತ್ತಿತ್ತು, ನಿಜ. ಅದಕ್ಕಿಂತ ಜಾಸ್ತಿ ಕುಟ್ರ ಹಕ್ಕಿ ಕೂಗುತ್ತಿತ್ತು. ಬೆಳಿಗ್ಗೆಯಿಂದ ಸಂಜೆಯವರೆಗೂ ಬಿಡುವಿಲ್ಲದೆ ಅದೇ ಕುಟ್ರು ಕುಟ್ರು.

ಈಗ ಶಿವಮೊಗ್ಗದಲ್ಲಿ ಮನೆ ಮಾಡಿಕೊಂಡು, ತಿಂಗಳಿಗೊಮ್ಮೆ ಸಾಗರದ ಕಡೆಯ ತವರಿಗೆ ಹೋಗಿ ಬರುವಾಗ, ಈ ಒಣ ತಿಂಗಳುಗಳೇ ನನಗೆ ವರ್ಷದಲ್ಲಿ ಹೆಚ್ಚು ಹತ್ತಿರದವು ಅನಿಸುತ್ತವೆ. ಕಾರಣ ಹೇಳುತ್ತೇನೆ. ನಮ್ಮ ಕಡೆ ವಸಂತ ಬರುವುದು ಎಲ್ಲ ತುಂಬಿ ತುಳುಕುವಾಗಲ್ಲ, ಎಲ್ಲ ತಳ ಕಾಣುವಾಗ. ಮರ ಚಿಗುರುವುದು ಆಗಲೇ. ಜನ ಒಬ್ಬರಿಗೊಬ್ಬರು ಕೊಡುವುದನ್ನು ನಾನು ಹೆಚ್ಚು ಕಂಡಿರುವುದೂ ಆಗಲೇ.

ಮರದ ಮಾತು ಮೊದಲು ಹೇಳಿಬಿಡುತ್ತೇನೆ. ತವರಿನ ತೋಟದ ಮೇಲಿನ ಸೊಪ್ಪಿನ ಬೆಟ್ಟದಲ್ಲಿ ಒಂದು ಸಾಗಡೆ ಮರ ಇದೆ. ಮಾಘದಲ್ಲಿ ಹಳೆಯ ಎಲೆ ಉದುರಿಸಿ ಬೋಳಾಗಿ ನಿಲ್ಲುತ್ತದೆ. ಅದರ ಬುಡದಲ್ಲಿ ದರಗು, ಅಂದರೆ ಉದುರಿದ ಒಣ ಎಲೆ, ಗುಡಿಸಿ ಕೊಟ್ಟಿಗೆಗೆ ಒಯ್ಯುತ್ತೇವೆ. ಆಮೇಲೆ ಒಂದು ಹನಿ ಮಳೆ ಬಿದ್ದಿರುವುದಿಲ್ಲ, ನೆಲ ಕಾದಿರುತ್ತದೆ, ಅಷ್ಟರಲ್ಲಿ ಮರದ ತುಂಬ ಕೆಂಪು. ದೂರದಿಂದ ನೋಡಿದವರು ಹೂವು ಎಂದುಕೊಳ್ಳುತ್ತಾರೆ. ಹತ್ತಿರ ಹೋದರೆ ಅದು ಎಲೆ. ಎಳೆಯದು, ತೆಳ್ಳಗೆ ಜೋತು ಬಿದ್ದಿರುತ್ತದೆ, ಮುಟ್ಟಿದರೆ ಬೆರಳಿಗೆ ತಣ್ಣಗೆ ತಾಗುತ್ತದೆ. ಕೆಲವು ಕೊಂಬೆಗಳಲ್ಲಿ ಚಗಳಿ ಇರುವೆ ಆಗಲೇ ಎಲೆ ಹೊಲಿದು ಗೂಡು ಶುರುಮಾಡಿರುತ್ತದೆ. ಕೆಲವೇ ವಾರಗಳಲ್ಲಿ ಆ ಕೆಂಪು ತಿಳಿಹಸಿರಾಗಿ, ಆಮೇಲೆ ದಟ್ಟ ಹಸಿರಾಗುತ್ತದೆ.

ನೀರು ಎಲ್ಲಿಂದ ಬಂತು? ಮರ ಎಲೆ ಉದುರಿಸುವುದೇ ನೀರು ಉಳಿಸಲಿಕ್ಕೆ. ಎಲೆಯ ಮೂಲಕ ಆವಿಯಾಗಿ ಹೋಗುತ್ತಿದ್ದ ನೀರು ನಿಂತಾಗ, ಬೇರು ಆಳದಿಂದ ಎಳೆದ ಅಷ್ಟಿಷ್ಟು ತೇವ ಕಾಂಡದಲ್ಲಿ ತುಂಬಿಕೊಳ್ಳುತ್ತದೆ. ಆ ಉಳಿತಾಯದಲ್ಲೇ ಮೊಗ್ಗು ಒಡೆಯುತ್ತದೆ. ಮಳೆಗಾಲ ಇನ್ನೂ ಎರಡು ಮೂರು ತಿಂಗಳು ದೂರ ಇರುವಾಗಲೇ ಎಲೆ ತಯಾರು. ಮೊದಲ ಮಳೆ ಬಿದ್ದ ದಿನ ಅದು ಕೆಲಸ ಶುರುಮಾಡಲು ಸಿದ್ಧವಾಗಿ ನಿಂತಿರುತ್ತದೆ. ಮುತ್ತುಗ, ಬೂರುಗ ಇನ್ನೂ ಒಂದು ಹೆಜ್ಜೆ ಮುಂದೆ. ಎಲೆಯೇ ಇಲ್ಲದ ಕೊಂಬೆಯಲ್ಲಿ ಹೂ ಬಿಡುತ್ತವೆ. ಸುತ್ತ ಕುಡಿಯಲು ನೀರಿಲ್ಲದ ಕಾಲದಲ್ಲಿ ಕಾಜಾಣ, ಪಿಕಳಾರ, ಗೊರವಂಕಗಳಿಗೆಲ್ಲ ಆ ಹೂವಿನ ರಸ.

ಎಲ್ಲ ಗಿಡವೂ ಹೀಗಲ್ಲ. ಚಿಕ್ಕಮಗಳೂರು ಕಡೆಯ ಕಾಫಿ ಗಿಡ ಮೊಗ್ಗು ಕಟ್ಟಿ ಹೂಮಳೆಗೆ ಕಾಯುತ್ತದೆ. ಮಳೆ ಬಿದ್ದು ವಾರ, ಹತ್ತು ದಿನಕ್ಕೆ ತೋಟಕ್ಕೆ ತೋಟವೇ ಬೆಳ್ಳಗಾಗುತ್ತದೆ. ಅದೂ ಚಂದವೇ. ಆದರೆ ನನ್ನ ಮನಸ್ಸು ಸಾಗಡೆಯ ಕಡೆ. ಬರುತ್ತದೋ ಇಲ್ಲವೋ ಎಂದು ಕಾಯದೆ, ಇರುವುದರಲ್ಲೇ ಕೊಂಬೆ ತುಂಬ ಎಲೆ ಬಿಡುವುದು ನನಗೆ ದೊಡ್ಡ ನಂಬಿಕೆಯಾಗಿ ಕಾಣುತ್ತದೆ. ದೇವರ ಮುಂದೆ ಕಣ್ಮುಚ್ಚಿ ನಿಂತಾಗಲೂ ನನಗೆ ಎಷ್ಟೋ ಸಲ ಈ ಮರವೇ ನೆನಪಿಗೆ ಬರುತ್ತದೆ.

ಜನರ ವಿಷಯಕ್ಕೆ ಬರುತ್ತೇನೆ.

ಸಾಗರ, ಸೊರಬ, ತೀರ್ಥಹಳ್ಳಿ, ಹೊಸನಗರದ ಹಳ್ಳಿಗಳಲ್ಲಿ ಈ ಕಾಲಕ್ಕೆ ಒಂದು ಭಯ ಇದೆ. ಮಂಗನ ಕಾಯಿಲೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಿದ್ದರಿಂದ ಪ್ರಪಂಚಕ್ಕೆಲ್ಲ ಅದು ಕ್ಯಾಸನೂರು ಕಾಡಿನ ಕಾಯಿಲೆ. ಹರಡುವುದು ರಕ್ತ ಹೀರುವ ಉಣುಗು ಹುಳದಿಂದ. ಕಾಡಿನಲ್ಲಿ ಮಂಗ ಸತ್ತರೆ ಅದರ ಮೈಮೇಲಿದ್ದ ಉಣುಗುಗಳು ಸುತ್ತಲಿನ ನೆಲಕ್ಕೆ ಇಳಿಯುತ್ತವೆ. ದರಗಿಗೆ, ಸೌದೆಗೆ, ದನ ಹುಡುಕಲು ಹೋದವರಿಗೆ ಕಚ್ಚುತ್ತವೆ. ಚಳಿಗಾಲದಲ್ಲಿ ಶುರುವಾಗಿ ಬೇಸಿಗೆ ಮುಗಿಯುವವರೆಗೆ ಅದರ ಕಾಟ. ನಾವು ದರಗು ಗುಡಿಸುವುದೂ ಸರಿಯಾಗಿ ಅದೇ ತಿಂಗಳುಗಳಲ್ಲಿ. 2019ರ ಸುಮಾರಿಗೆ ಸಾಗರ ತಾಲ್ಲೂಕಿನ ಅರಳಗೋಡು ಸುತ್ತ ಅದು ಎಷ್ಟು ಮನೆಗಳಲ್ಲಿ ಕಣ್ಣೀರು ಹಾಕಿಸಿತು ಎಂದು ಆ ಕಡೆಯವರನ್ನು ಕೇಳಬೇಕು. ಆ ವರ್ಷ ನಮ್ಮಮ್ಮ ಕೊಟ್ಟಿಗೆಗೆ ದರಗನ್ನೇ ತರಿಸಲಿಲ್ಲ.

ಈ ಬಿಸಿಲಿನಲ್ಲಿ ಮನೆಯಿಂದ ಮನೆಗೆ ನಡೆಯುವವರು ಆಶಾ ಕಾರ್ಯಕರ್ತೆಯರು. ಮಲೆನಾಡಿನಲ್ಲಿ ಮನೆಯಿಂದ ಮನೆಗೆ ಅಂದರೆ ಒಂದು ಬೀದಿ ಅಲ್ಲ. ಒಂದು ಮನೆ ಗುಡ್ಡದ ಮೇಲೆ, ಇನ್ನೊಂದು ಕಣಿವೆಯಲ್ಲಿ, ಮತ್ತೊಂದಕ್ಕೆ ಸಂಕ ದಾಟಬೇಕು. ನಮ್ಮ ಕಡೆಗೆ ಬರುವ ಹೆಣ್ಣುಮಗಳು ನನಗಿಂತ ಚಿಕ್ಕವಳು. ಹೆಗಲಿಗೆ ಬ್ಯಾಗು, ಕೊಡೆ, ಕೈಯಲ್ಲಿ ಪುಸ್ತಕ. ಬಂದವಳೇ ಅಂಗಳದಿಂದಲೇ ಕೇಳುತ್ತಾಳೆ.

“ಅಮ್ಮಾ, ಯಾರಾದ್ರೂ ಬೆಟ್ಟಕ್ಕೆ ಹೋಗಿದ್ರಾ? ಎಣ್ಣೆ ಹಚ್ಚಿಕೊಂಡು ಹೋದ್ರಾ ಹಾಗೇ ಹೋದ್ರಾ?”

“ಹಚ್ಚಿಕೊಂಡೇ ಹೋಗಿದ್ದು ಮಾರಾಯ್ತಿ. ನೀ ಮೊದಲು ಕೂತ್ಕೊ. ಮುಖ ನೋಡು ಹೇಗೆ ಕೆಂಪಾಗಿದೆ.”

ಉಣುಗು ಕಚ್ಚದ ಹಾಗೆ ಕೈಕಾಲಿಗೆ ಹಚ್ಚಿಕೊಳ್ಳುವ ಡೀಪಾ ಎಣ್ಣೆಯ ಬಾಟಲಿಯನ್ನು ಅವಳು ಜಗಲಿಯ ಮೇಲೆ ಇಡುತ್ತಾಳೆ. ಬೆಟ್ಟದಿಂದ ಬಂದಕೂಡಲೇ ಬಿಸಿನೀರು ಸ್ನಾನ ಮಾಡಿ, ಬಟ್ಟೆಯನ್ನೂ ಬಿಸಿನೀರಿಗೆ ಹಾಕಿ, ಮಂಗ ಸತ್ತಿದ್ದು ಕಂಡರೆ ಹತ್ತಿರ ಹೋಗದೆ ಫೋನ್ ಮಾಡಿ ಎಂದು ಪ್ರತಿ ಸಲವೂ ಮೊದಲ ಸಲ ಹೇಳುವಷ್ಟೇ ಗಮನದಿಂದ ಹೇಳುತ್ತಾಳೆ. ಅಮ್ಮನ ಹಣೆ ಮುಟ್ಟಿ ನೋಡುತ್ತಾಳೆ. ಅವಳ ಕೆಲಸದ ಪಟ್ಟಿಯಲ್ಲಿ ಹಣೆ ಮುಟ್ಟುವುದು ಇದೆಯೋ ಏನೋ. ಅಮ್ಮನಿಗೆ ಜ್ವರ ಇರಲಿಲ್ಲ, ಆದರೆ ಮಗಳು ಬಂದು ಕೇಳಿದ ಹಾಗಾಯಿತು ಎಂದು ಆಮೇಲೆ ನನಗೆ ಫೋನಿನಲ್ಲಿ ಹೇಳಿದಳು. ಆ ಮಗಳು ನಾನಾಗಿರಲಿಲ್ಲ. ನಾನು ಶಿವಮೊಗ್ಗದಲ್ಲಿದ್ದೆ. ನನ್ನ ಜಾಗದಲ್ಲಿ ಯಾರೋ ಒಬ್ಬಳು ಬಿಸಿಲಲ್ಲಿ ನಡೆದು ಹೋಗಿ ಅಮ್ಮನ ಹಣೆ ಮುಟ್ಟಿ ಬಂದಿದ್ದಳು.

ಅಮ್ಮ ಅವಳಿಗೆ ಕೊಡುವುದು ತಂಬುಳಿ. ಈ ಕಾಲದ್ದೇ ಆದ ಚಿಗುರು ತಂಬುಳಿ. ಪೇರಳೆ ಕುಡಿ, ದಾಳಿಂಬೆ ಕುಡಿ, ಕೇಪಳದ ಕುಡಿ, ನೆಲ್ಲಿಯ ಎಳೆ ಚಿಗುರು, ಯಾವುದು ಸಿಕ್ಕರೆ ಅದು. ಒಂದು ಹಿಡಿ ಕೊಯ್ದು, ಚೂರು ತುಪ್ಪದಲ್ಲಿ ಜೀರಿಗೆ, ಕಾಳುಮೆಣಸಿನ ಜೊತೆ ಬಾಡಿಸಿ, ಕಾಯಿತುರಿ ಹಾಕಿ ನುಣ್ಣಗೆ ಬೀಸಿ, ಮಜ್ಜಿಗೆಗೆ ಕಲಸುವುದು. ಬಾಯಿಗೆ ಸ್ವಲ್ಪ ಒಗರು, ಹೊಟ್ಟೆಗೆ ತಂಪು. ಲೋಟದಲ್ಲಿ ಕೊಟ್ಟರೂ ಆಯಿತು, ಅನ್ನಕ್ಕೆ ಬಡಿಸಿದರೂ ಆಯಿತು. ಮಳೆಗೆ ಕಾಯದೆ ಬಂದ ಚಿಗುರನ್ನು ನಾವು ತಿನ್ನುವುದು ಹೀಗೆ. ಒಂದೇ ಗಿಡದಿಂದ ಪೂರ್ತಿ ಕೊಯ್ಯಬಾರದು, ಅದಕ್ಕೂ ಇರಲಿ ಎಂದು ಅಮ್ಮ ಹೇಳುತ್ತಾಳೆ. ಹೇಳುತ್ತಲೇ ಇನ್ನೊಂದು ಗಿಡಕ್ಕೆ ಹೋಗುತ್ತಾಳೆ.

ಇದೇ ಕಾಲಕ್ಕೆ ಆಲೆಮನೆಗಳೂ ಕೊನೆಯ ಸುತ್ತಿನಲ್ಲಿರುತ್ತವೆ. ಕೋಣನ ಗಾಣ ಈಗ ಅಪರೂಪ, ಇಂಜಿನ್ ಗಾಣವೇ ಹೆಚ್ಚು. ಗಾಣ ಬದಲಾದರೂ ಒಂದು ಪದ್ಧತಿ ಬದಲಾಗಿಲ್ಲ. ಆಲೆಮನೆಗೆ ಬಂದವರು ಯಾರೇ ಇರಲಿ, ಕಬ್ಬಿನ ಹಾಲು ಕುಡಿಸದೆ ಕಳಿಸುವುದಿಲ್ಲ. ದಾರಿಯಲ್ಲಿ ಹೋಗುವವರು ಇಳಿದು ಬಂದು ಕೇಳಿದರೂ ಕೊಡುತ್ತಾರೆ. ಮನೆಗೆ ಒಯ್ಯಲು ಪಾತ್ರೆ ತಂದವರಿಗೆ ಅದನ್ನೂ ತುಂಬಿಸುತ್ತಾರೆ. ಕೊಪ್ಪರಿಗೆ ಇಳಿಸುವ ಹೊತ್ತಿಗೆ ಸರಿಯಾಗಿ ಹೋದವರಿಗೆ ಬಾಳೆ ಎಲೆ ಚೂರಿನಲ್ಲಿ ನೊರೆಬೆಲ್ಲ. ಹಾಗೆ ಕೊಟ್ಟದ್ದನ್ನು ಯಾರೂ ಬರೆದಿಡುವುದಿಲ್ಲ.

2025ರಲ್ಲಿ ಯುಗಾದಿ ಬಂದದ್ದು ಮಾರ್ಚ್ 30ಕ್ಕೆ. ವಿಶ್ವಾವಸು ಸಂವತ್ಸರದ ಮೊದಲ ದಿನ. ಅದರ ಮರುದಿನವೇ ರಂಜಾನ್ ಹಬ್ಬ. ನಮ್ಮತ್ತೆ ಆಗ ಶಿವಮೊಗ್ಗದ ಒಂದು ಆಸ್ಪತ್ರೆಯಲ್ಲಿದ್ದರು. ಶಸ್ತ್ರಚಿಕಿತ್ಸೆ ಆಗಿತ್ತು, ಮನೆಗೆ ಬಿಡಲು ಇನ್ನೂ ದಿನ ಇತ್ತು. ನಾನೇ ಜೊತೆಗಿದ್ದೆ. ಪಕ್ಕದ ಹಾಸಿಗೆಯಲ್ಲಿ ಇನ್ನೊಬ್ಬ ವಯಸ್ಸಾದ ಅಮ್ಮ. ಅವರನ್ನು ನೋಡಿಕೊಳ್ಳಲು ಸೊಸೆ ಬಂದಿದ್ದರು, ಶಿವಮೊಗ್ಗದವರೇ. ಅವರು ಉಪವಾಸ ಇದ್ದರು. ಹಗಲೆಲ್ಲ ಒಂದು ಗುಟುಕು ನೀರು ಕುಡಿಯದೆ ಅತ್ತೆಗೆ ಗಂಜಿ ಕುಡಿಸಿ, ಬೆನ್ನು ಒರೆಸಿ, ಮಾತ್ರೆ ಕೊಟ್ಟು, ನಾನು ಊಟಕ್ಕೆ ಹೋದಾಗ ನಮ್ಮತ್ತೆಯನ್ನೂ ನೋಡಿಕೊಳ್ಳುತ್ತಿದ್ದರು. ಸಂಜೆ ಅವರು ಖರ್ಜೂರ ಬಿಡಿಸುವ ಹೊತ್ತಿಗೆ ನಾನು ಎರಡೂ ಹಾಸಿಗೆ ನೋಡಿಕೊಳ್ಳುತ್ತಿದ್ದೆ. ಇದನ್ನು ನಾವು ಮಾತಾಡಿಕೊಂಡು ಮಾಡಿದ್ದಲ್ಲ. ಹಾಗೇ ಆಗಿ ಹೋಯಿತು.

ಯುಗಾದಿ ದಿನ ಬೆಳಿಗ್ಗೆ ನಮ್ಮವರು ಮನೆಯಿಂದ ಫ್ಲಾಸ್ಕಿನಲ್ಲಿ ಕಾಫಿ, ಪುಟ್ಟ ಡಬ್ಬಿಯಲ್ಲಿ ಬೇವು ಬೆಲ್ಲ ತಂದರು. ಅತ್ತೆ ಹಲ್ಲುಜ್ಜಿ, ಹಾಸಿಗೆಯಲ್ಲೇ ಪೂರ್ವಕ್ಕೆ ತಿರುಗಿ ಕೈಮುಗಿದು, ಒಂದು ಚೂರು ಬಾಯಿಗೆ ಹಾಕಿಕೊಂಡರು. ಆಮೇಲೆ ಪಕ್ಕದ ಹಾಸಿಗೆಯ ಅಮ್ಮನಿಗೆ ಫ್ಲಾಸ್ಕಿನ ಮುಚ್ಚಳದಲ್ಲಿ ಹಾಕಿ ಕೊಡಿಸಿದರು. ಆ ಅಮ್ಮನಿಗೆ ಕಾಯಿಲೆಯ ಕಾರಣ ಉಪವಾಸ ಇರಲಿಲ್ಲ. ಮುಖ ಕಿವುಚಿಕೊಂಡು ತಿಂದು, “ಬೇವು ಜಾಸ್ತಿ ಆಯ್ತು ತಾಯಿ, ಬೆಲ್ಲ ಕಮ್ಮಿ” ಎಂದರು. ನಮ್ಮತ್ತೆ, “ಈ ವರ್ಷ ಹಂಗೇ ಶುರುವಾಗಲಿ ಬಿಡಿ, ಕಹಿ ಮೊದಲೇ ಮುಗಿದುಹೋಗಲಿ” ಎಂದರು. ಸೊಸೆಯ ಪಾಲನ್ನು ಕಾಗದದಲ್ಲಿ ಕಟ್ಟಿ ದಿಂಬಿನ ಪಕ್ಕ ಇಟ್ಟೆವು. ಸಂಜೆ ಉಪವಾಸ ಬಿಟ್ಟಾಗ ಅವರು ಖರ್ಜೂರದ ಜೊತೆ ಅದನ್ನೂ ತಿಂದರು.

ಮರುದಿನ ಅವರ ಮನೆಯಿಂದ ಸ್ಟೀಲಿನ ಕ್ಯಾರಿಯರ್ ಬಂತು. ಒಂದು ಬಟ್ಟಲಲ್ಲಿ ಹಾಲು, ಶಾವಿಗೆ, ದ್ರಾಕ್ಷಿ, ಗೋಡಂಬಿ ಹಾಕಿದ ಶೀರ್ ಕುರ್ಮಾ. ನಮ್ಮತ್ತೆಗೆ ಕೊಡಬಹುದಾ ಎಂದು ನರ್ಸನ್ನು ಕೇಳಿಯೇ ಕೊಟ್ಟರು. ನರ್ಸ್ ಕೊಡಗಿನ ಕಡೆಯ ಹುಡುಗಿ, ಹಬ್ಬಕ್ಕೆ ರಜೆ ಸಿಕ್ಕಿರಲಿಲ್ಲ. ಅವಳಿಗೂ ಒಂದು ಲೋಟ. ನನಗೆ ಈಗಲೂ ಆ ಎರಡು ದಿನಗಳನ್ನು ನೆನೆದರೆ ಮನಸ್ಸು ತುಂಬಿ ಬರುತ್ತದೆ. ನಮ್ಮ ಊರಿನ ಬಗ್ಗೆ ಪೇಪರಿನಲ್ಲಿ ಬೇರೆ ತರದ ಸುದ್ದಿಯೂ ಬರುತ್ತದೆ, ಅದನ್ನು ಓದಿ ನಾನೂ ಮಂಕಾಗುತ್ತೇನೆ. ಆದರೆ ಆ ವಾರ್ಡಿನಲ್ಲಿ ನಾನು ಕಂಡದ್ದೂ ಇದೇ ಊರು. ಯಾರಾದರೂ ಶಿವಮೊಗ್ಗ ಹೇಗಿದೆ ಎಂದು ಕೇಳಿದರೆ ನಾನು ಇದನ್ನೂ ಹೇಳುತ್ತೇನೆ.

ಇದು ಹೊಸದೂ ಅಲ್ಲ. ತೀರ್ಥಹಳ್ಳಿ ತಾಲ್ಲೂಕಿನ ಹಣಗೆರೆಕಟ್ಟೆಯಲ್ಲಿ ಭೂತರಾಯ ಚೌಡೇಶ್ವರಿಯೂ ಹಜರತ್ ಸೈಯದ್ ಸಾದತ್ ದರ್ಗಾವೂ ಒಂದೇ ಸೂರಿನಡಿ ಇವೆ. ಹರಕೆ ಹೊತ್ತವರು ಎರಡಕ್ಕೂ ಕೈಮುಗಿದು ಬರುತ್ತಾರೆ. ಶಿವಮೊಗ್ಗದ ಕೋಟೆ ಮಾರಿಕಾಂಬೆಯ ಜಾತ್ರೆ ಎರಡು ವರ್ಷಕ್ಕೊಮ್ಮೆ, ಸಾಗರದ್ದು ಮೂರು ವರ್ಷಕ್ಕೊಮ್ಮೆ, ಎರಡೂ ಈ ಒಣ ಕಾಲದಲ್ಲೇ. ಎರಡೂ ಕಡೆ ತಾಯಿಗೆ ಒಂದು ತವರುಮನೆ, ಒಂದು ಗಂಡನ ಮನೆ. ತವರಿನಲ್ಲಿ ಕೂತ ಅಮ್ಮನಿಗೆ ಮಡಿಲು ತುಂಬಲು ಸಾಲಿನಲ್ಲಿ ನಿಂತ ಹೆಂಗಸರ ಮುಖ ನೋಡಬೇಕು. ದೇವರಿಗೂ ತವರು ಬೇಕು, ಅವಳನ್ನೂ ಅಕ್ಕಿ, ಬಳೆ, ಕಣ ಕೊಟ್ಟು ಕಳಿಸಬೇಕು ಎಂದು ನಂಬುವ ಭಕ್ತಿ ನನಗೆ ತುಂಬಾ ಇಷ್ಟ. ಬೇಡುವುದಕ್ಕಿಂತ ಕೊಡುವುದು ಅದರಲ್ಲಿ ಜಾಸ್ತಿ.

ಯುಗಾದಿಯಾಗಿ ಒಂಬತ್ತನೇ ದಿನಕ್ಕೆ ರಾಮನವಮಿ. ಅವತ್ತು ಶಿವಮೊಗ್ಗದಲ್ಲಿ ಬಾಯಾರಿ ನಡೆಯುವುದು ಸಾಧ್ಯವೇ ಇಲ್ಲ. ದುರ್ಗಿಗುಡಿ, ನೆಹರೂ ರಸ್ತೆ, ಗಾಂಧಿ ಬಜಾರ್, ಬಡಾವಣೆಗಳ ತಿರುವುಗಳಲ್ಲೆಲ್ಲ ಶಾಮಿಯಾನ ಹಾಕಿ ಪಾನಕ, ಮಜ್ಜಿಗೆ, ಕೋಸಂಬರಿ. ಆಟೋದವರು ನಿಲ್ಲಿಸಿ ಕುಡಿಯುತ್ತಾರೆ, ಬಸ್ಸಿನ ಕಿಟಕಿಯಿಂದ ಕೈ ಚಾಚಿದವರಿಗೆ ಹುಡುಗರು ಓಡಿ ಹೋಗಿ ಕೊಡುತ್ತಾರೆ. ಬೆಲ್ಲ, ನಿಂಬೆಹಣ್ಣು, ಏಲಕ್ಕಿ, ಶುಂಠಿ, ಚೂರು ಕಾಳುಮೆಣಸು. ಬಿಸಿಲಿಗೆ ಇದಕ್ಕಿಂತ ಒಳ್ಳೆಯದು ಇಲ್ಲ. ಯಾರು ಯಾವ ಜಾತಿ ಎಂದು ಲೋಟ ಕೊಡುವವನು ಕೇಳುವುದಿಲ್ಲ, ಕೇಳುವಷ್ಟು ಪುರುಸೊತ್ತೂ ಅವನಿಗಿರುವುದಿಲ್ಲ. ಹಬ್ಬ ಮುಗಿದ ಮೇಲೂ ಕೆಲವು ಅಂಗಡಿಗಳವರು ಮಣ್ಣಿನ ಹರವಿ ಇಟ್ಟು ಮಳೆಗಾಲದವರೆಗೆ ಅರವಟ್ಟಿಗೆ ನಡೆಸುತ್ತಾರೆ. ನಮ್ಮ ಬೀದಿಯಲ್ಲಿ ಹೂ ಮಾರುವ ಅಜ್ಜಿ ದಿನಾ ಬೆಳಿಗ್ಗೆ ಆ ಹರವಿ ತೊಳೆದು, ಸುತ್ತಿದ ಒದ್ದೆ ಬಟ್ಟೆ ಬದಲಿಸುತ್ತಾರೆ. ಹರವಿ ಅವರದ್ದಲ್ಲ, ನೀರೂ ಅವರದ್ದಲ್ಲ. ಕೇಳಿದರೆ, “ಯಾರಾದ್ರೂ ತೊಳೀಬೇಕಲ್ಲ” ಅನ್ನುತ್ತಾರೆ.

ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವಿಗೆ ಹೋದವರು ಕೇದಾರೇಶ್ವರ ಗುಡಿಯನ್ನು ಕೆತ್ತನೆಗಾಗಿ ನೋಡಿ ಬರುತ್ತಾರೆ. ಅಲ್ಲಿನ ಕೋಡಿಯ ಮಠದ 1162ರ ಶಾಸನದ ವಿಷಯ ತಿಳಿದ ಮೇಲೆ ನಾನು ಆ ಜಾಗವನ್ನು ಬೇರೆ ಕಣ್ಣಿಂದ ನೋಡತೊಡಗಿದೆ. ಬಡವರು, ದಿಕ್ಕಿಲ್ಲದವರು, ಕುಂಟರು, ಕುರುಡರು, ಕಿವುಡರು, ಕಥೆ ಹೇಳುವವರು, ಹಾಡುವವರು, ಕುಣಿಯುವವರು, ಎಲ್ಲರಿಗೂ ಅನ್ನ ಕೊಡುವ ತಾಣ ಎಂದು ಆ ಶಾಸನ ಮಠವನ್ನು ವರ್ಣಿಸುತ್ತದೆ. ದಿಕ್ಕಿಲ್ಲದ ರೋಗಿಗಳಿಗೆ ಔಷಧ ಸಿಗುವ ಜಾಗ, ಜೀವಿಗಳಿಗೆಲ್ಲ ಅಭಯ ಸಿಗುವ ಜಾಗ ಎಂದೂ ಹೇಳುತ್ತದೆ. ವೇದ, ವ್ಯಾಕರಣ ಕಲಿಸುತ್ತಿದ್ದ ದೊಡ್ಡ ವಿದ್ಯಾಕೇಂದ್ರ ಅದು. ಆದರೂ ತನ್ನ ಹೆಮ್ಮೆಯ ಪಟ್ಟಿಯಲ್ಲಿ ಅನ್ನ ಮತ್ತು ಔಷಧವನ್ನೂ ಸೇರಿಸಿ ಕಲ್ಲಿನಲ್ಲಿ ಬರೆಸಿತು. ಅಲ್ಲಮ ಅದೇ ಬಳ್ಳಿಗಾವಿಯವನು. ಅಕ್ಕಮಹಾದೇವಿಯ ಉಡುತಡಿ ಅಲ್ಲಿಂದ ದೂರವಿಲ್ಲ. ಅಕ್ಕನ ಜಯಂತಿ ಬರುವುದೂ ಚೈತ್ರದ ಹುಣ್ಣಿಮೆಗೆ, ದವನದ ಹುಣ್ಣಿಮೆಗೆ. ಬಿಸಿಲು ನೆತ್ತಿಗೇರಿದ ಕಾಲದಲ್ಲಿ.

ನಮ್ಮ ಬೀದಿಯ ಅಜ್ಜಿಗೆ ಈ ಶಾಸನ ಗೊತ್ತಿಲ್ಲ. ಆಶಾ ಹುಡುಗಿಗೂ ಬಹುಶಃ ಗೊತ್ತಿಲ್ಲ. ಆದರೂ ಅವರಿಬ್ಬರೂ ಆ ಸಾಲುಗಳಲ್ಲಿ ಇದ್ದಾರೆ ಎಂದೇ ನಾನು ಓದುತ್ತೇನೆ.

ಕೊನೆಗೆ ನಮ್ಮ ಅಪ್ಪೆಮಿಡಿ ಮರದ, ಅಂದರೆ ಉಪ್ಪಿನಕಾಯಿಗೆ ಹಾಕುವ ಪರಿಮಳದ ಮಾವಿನ ಮಿಡಿಯ ಮರದ ವಿಷಯ ಹೇಳಬೇಕು. ಇಷ್ಟೆಲ್ಲ ಬರೆಯಲು ಕೂತಿದ್ದೇ ಅದಕ್ಕೆ.

ತವರಿನ ಹಳ್ಳದ ದಂಡೆಯಲ್ಲಿ ಒಂದು ಅಪ್ಪೆ ಮರ ಇತ್ತು. ಅಜ್ಜನ ಕಾಲದ್ದಕ್ಕಿಂತ ಹಳೆಯದು. ಮಾಘ, ಫಾಲ್ಗುಣದಲ್ಲಿ ಮಿಡಿ ಕೊಯ್ಯುವ ಕಾಲ. ಕೊಯ್ಯುವುದು ಅಂದರೆ ಕೋಲಿನಿಂದ ಬಡಿಯುವುದಲ್ಲ. ಮರ ಹತ್ತಿ, ತೊಟ್ಟು ಮುರಿಯದ ಹಾಗೆ ಗೊಂಚಲು ಕೊಯ್ದು, ಚೀಲಕ್ಕೆ ಹಾಕಿ ಹಗ್ಗದಲ್ಲಿ ಇಳಿಸಬೇಕು. ನೆಲಕ್ಕೆ ಬಿದ್ದ ಮಿಡಿ ಭರಣಿಯಲ್ಲಿ ಕೊಳೆತು ಉಳಿದದ್ದನ್ನೂ ಕೆಡಿಸುತ್ತದೆ. ತೊಟ್ಟಿನ ಸೊನೆಯಲ್ಲೇ ಅದರ ಪರಿಮಳ. ನಮ್ಮ ಮರದ್ದು ಜೀರಿಗೆ ಪರಿಮಳ. ಒಂದು ಮಿಡಿ ಮುರಿದರೆ ಅಡುಗೆಮನೆಯೆಲ್ಲ ಘಂ ಎನ್ನುತ್ತಿತ್ತು. ಕಲ್ಲುಪ್ಪು, ಮಿಡಿ, ಕಲ್ಲುಪ್ಪು, ಮಿಡಿ ಎಂದು ಭರಣಿಗೆ ತುಂಬಿ, ಅದು ನೀರು ಬಿಟ್ಟು ಮುರುಟಿದ ಮೇಲೆ ಅಮ್ಮ ಖಾರ ಬೀಸುತ್ತಿದ್ದಳು. ಆ ಉಪ್ಪಿನಕಾಯಿ ವರ್ಷಗಟ್ಟಲೆ ಕೆಡುತ್ತಿರಲಿಲ್ಲ.

ಅಪ್ಪೆಯಲ್ಲಿ ಒಂದು ತೊಂದರೆ ಇದೆ. ಗೊರಟು ನೆಟ್ಟರೆ ಗಿಡ ಬರುತ್ತದೆ, ತಾಯಿಮರದ ಗುಣ ಬರುವ ಭರವಸೆ ಇಲ್ಲ. ಆ ಹುಳಿ, ಆ ಪರಿಮಳ ಬೇಕಾದರೆ ಅದೇ ಮರದ ಕುಡಿ ತಂದು ಕಾಟುಮಾವಿನ ಸಸಿಗೆ ಕಸಿ ಕಟ್ಟಬೇಕು. ಹಾಗಾಗಿ ಹೆಸರಾದ ಮರಗಳ ಕುಡಿಗೆ ಯಾವಾಗಲೂ ಬೇಡಿಕೆ. ಕುಡಿ ಕೊಟ್ಟರೆ ನಮ್ಮ ಮಿಡಿಗೆ ಬೆಲೆ ಇಳಿಯುತ್ತದೆ ಎಂದು ಹೇಳಿದವರೂ ಇದ್ದರು. ಅಪ್ಪ ಯಾರು ಬಂದರೂ ಕೊಡುತ್ತಿದ್ದ. ತಾನೇ ಮರ ಹತ್ತಿ, ಬಲಿತ ಕುಡಿ ಆರಿಸಿ, ಎಲೆ ಸವರಿ, ಒದ್ದೆ ಬಟ್ಟೆ ಸುತ್ತಿ, ಮೇಲೆ ಬಾಳೆಪಟ್ಟೆ ಕಟ್ಟಿ ಕೊಡುತ್ತಿದ್ದ. “ಬೇಗ ಹೋಗಿ ಕಟ್ಟಿ, ಬಿಸಿಲಿಗೆ ಬಾಡ್ತದೆ” ಎಂದು ಚಹಾಕ್ಕೂ ನಿಲ್ಲಿಸುತ್ತಿರಲಿಲ್ಲ. ದುಡ್ಡು ಕೊಡಲು ಬಂದರೆ, ಮರ ನಾನು ನೆಟ್ಟಿದ್ದಲ್ಲ ಎನ್ನುತ್ತಿದ್ದ.

2019ರ ಆಗಸ್ಟಿನ ಮಳೆ ಮಲೆನಾಡಿನವರು ಯಾರೂ ಮರೆಯುವುದಿಲ್ಲ. ಹಳ್ಳ ಉಕ್ಕಿ ದಂಡೆಯನ್ನೇ ಕೊರೆಯಿತು. ಮರ ಬುಡಸಮೇತ ಹೋಯಿತು. ಅಪ್ಪ ಆಗ ತೀರಿಕೊಂಡು ಕೆಲವು ವರ್ಷಗಳಾಗಿದ್ದವು. ಮನೆಯಲ್ಲಿ ಯಾರೂ ಒಂದು ಕಸಿ ಗಿಡ ಮಾಡಿಟ್ಟುಕೊಂಡಿರಲಿಲ್ಲ. ಮರ ಕಣ್ಣೆದುರೇ ಇರುವಾಗ ಯಾರಿಗೆ ಹೊಳೆಯುತ್ತದೆ? ಅಮ್ಮ ನೀರು ಇಳಿದ ಮೇಲೆ ದಂಡೆಗೆ ಹೋಗಿ ಸುಮ್ನೆ ನಿಂತು ಬಂದಳು. ಭರಣಿಯಲ್ಲಿ ಉಳಿದ ಮಿಡಿಯನ್ನು ಆ ವರ್ಷ ಯಾರಿಗೂ ಬಡಿಸಲಿಲ್ಲ.

ಮರುವರ್ಷ ಮಳೆ ಹಿಡಿಯುವ ಹೊತ್ತಿಗೆ ಹೊಸನಗರದ ಕಡೆಯಿಂದ ಒಬ್ಬರು ಬಂದರು. ಅಮ್ಮನಿಗೆ ಗುರುತು ಸಿಗಲಿಲ್ಲ. ಬೈಕಿನ ಹಿಂದೆ ಕಟ್ಟಿದ ಚೀಲದಲ್ಲಿ ಒಂದು ಸಸಿ. “ಅಮ್ಮಾ, ನಿಮ್ಮ ಯಜಮಾನ್ರು ಕುಡಿ ಕೊಟ್ಟಿದ್ರು. ಅದರದ್ದೇ ಮರದಿಂದ ಕಟ್ಟಿದ್ದು. ನಿಮ್ಮ ಮರ ಹೋಯ್ತು ಅಂತ ಸಾಗರ ಪೇಟೇಲಿ ಯಾರೋ ಹೇಳಿದ್ರು” ಎಂದರು. ಗಿಡ ಕೊಟ್ಟು ಹೋಗಲಿಲ್ಲ. ತಾವೇ ಗುಂಡಿ ತೋಡಿದರು. ಹಳ್ಳದ ದಂಡೆಗೆ ಬೇಡ, ಸ್ವಲ್ಪ ಮೇಲೆ ನೆಡೋಣ, ಬೇರಿಗೆ ಹೇಗೂ ನೀರಿನ ದಾರಿ ಗೊತ್ತಾಗುತ್ತದೆ ಎಂದರು. ಗೊಬ್ಬರ ಹಾಕಿ, ಕೋಲು ಕೊಟ್ಟು, ದನ ಬಾಯಿ ಹಾಕದ ಹಾಗೆ ಮುಳ್ಳಿನ ಬೇಲಿ ಕಟ್ಟಿ, ಊಟ ಮಾಡಿ ಹೋದರು. ಅಮ್ಮ ಅವತ್ತು ಹಳೆಯ ಭರಣಿ ತೆರೆದಳು.

ಅಪ್ಪ ಕೊಟ್ಟುಬಿಟ್ಟಿದ್ದರಿಂದಲೇ ನಮ್ಮ ಮರ ಉಳಿಯಿತು. ಬೆಲೆ ಇಳಿಯುತ್ತದೆ ಎಂದು ಕೈ ಬಿಗಿ ಹಿಡಿದಿದ್ದರೆ ಆ ರುಚಿ ಹಳ್ಳದ ಜೊತೆ ಹೋಗಿ ಮುಗಿದಿರುತ್ತಿತ್ತು. ಈಗ ಅದು ಎಷ್ಟು ಅಂಗಳಗಳಲ್ಲಿದೆಯೋ ನಮಗೆ ಲೆಕ್ಕವಿಲ್ಲ. ಕಸಿ ಗಿಡ ಮೂರ್ನಾಲ್ಕು ಬೇಸಿಗೆ ಒಣಗಿದ ಹಾಗೆ ಕಾಣಿಸಿ ಮತ್ತೆ ಚಿಗುರಿತು. ಅಮ್ಮ ಪಾತ್ರೆ ತೊಳೆದ ನೀರು ಈಗ ಬಸಳೆಗಿಂತ ಮೊದಲು ಅದಕ್ಕೆ ಹೋಗುತ್ತದೆ.

ಈ ಸಲ ಹೂ ನಿಂತು ಮಿಡಿ ಕಚ್ಚಿತು. ಒಂದು ಭರಣಿಗೆ ಸಾಲುವಷ್ಟಿಲ್ಲ, ಗಿಡ ಇನ್ನೂ ಚಿಕ್ಕದು. ಅಮ್ಮ ಒಂದು ಮಿಡಿ ಮುರಿದು ಮೂಗಿಗೆ ಹಿಡಿದು, ನನ್ನ ಮೂಗಿಗೂ ಹಿಡಿದಳು. ಅದೇ ಜೀರಿಗೆ. ಅರ್ಧದಷ್ಟನ್ನು ಡಬ್ಬಿಗೆ ತುಂಬಿ ಹೊಸನಗರಕ್ಕೆ ಹೋಗುವ ಬಸ್ಸಿನ ಕಂಡಕ್ಟರ್ ಕೈಲಿ ಕೊಟ್ಟೆವು. “ಅವರಿಗೆ ಅವರದ್ದೇ ಮರ ಇದೆಯಲ್ಲ ಅಮ್ಮಾ, ನಮಗಿಂತ ಜಾಸ್ತಿ ಮಿಡಿ ಇರುತ್ತೆ” ಎಂದೆ. “ಇರಲಿ, ಕೊಡೋದು ಬೇರೆ” ಎಂದಳು. ನಾಲ್ಕು ದಿನ ಬಿಟ್ಟು ಅದೇ ಬಸ್ಸಿನಲ್ಲಿ ಡಬ್ಬಿ ವಾಪಸ್ ಬಂತು. ಅದರ ತುಂಬ ಹೊಸ ಜೋನಿ ಬೆಲ್ಲ, ಮೇಲೆ ಒಂದು ಚೀಟಿ. ಮುಂದಿನ ಆಲೆಮನೆಗೆ ಮನೆಮಂದಿಯೆಲ್ಲ ಬರಬೇಕು, ತೊಡೆದೇವು ಮಾಡಿಸುತ್ತೇವೆ, ಬರುವಾಗ ನಾಲ್ಕು ಕುಡಿ ತನ್ನಿ, ಪಕ್ಕದ ಮನೆಯವರು ಕೇಳುತ್ತಿದ್ದಾರೆ ಎಂದು ಬರೆದಿತ್ತು.